ಗೋ ಭಾಷೆ: ತೋಟದ ಲೆಕ್ಕಕ್ಕೆ ಒಗ್ಗಿದ, ಕನ್ನಡಕ್ಕೆ ಇನ್ನೂ ಒಗ್ಗದ ಸಲಕರಣೆ

ಪ್ರೋಗ್ರಾಮಿಂಗ್ ಭಾಷೆಗಳ ವಿಮರ್ಶೆ ಎಂದರೆ ಸಾಮಾನ್ಯವಾಗಿ ವೇಗದ ಮಾತು, ಇಲ್ಲವೇ ಬರೆಯುವ ಸೊಗಸಿನ ಮಾತು. ಇವೆರಡೂ ಮುಖ್ಯವೇ ಆದರೂ ಗೋ ಭಾಷೆಯನ್ನು ನಾನು ಇಲ್ಲಿ ಬೇರೊಂದು ಮಾನದಂಡದಿಂದ ಅಳೆಯುತ್ತಿದ್ದೇನೆ: ಭಾಷೆ ಬದಲಾದಾಗ ಆ ಬದಲಾವಣೆಯ ಖರ್ಚು ಯಾರ ತಲೆಗೆ ಬೀಳುತ್ತದೆ? ಕೊಡಗಿನ ವಿರಾಜಪೇಟೆ, ಅಮ್ಮತ್ತಿ, ಸಿದ್ದಾಪುರ ಸುತ್ತಮುತ್ತಲಿನ ಕಾಫಿ ತೋಟಗಳ ಕಚೇರಿಗಳಿಗೆ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ), ಕೊಯ್ಲಿನ ತೂಕ, ವಾರದ ಬಟವಾಡೆ, ಮಳೆಯ ದಾಖಲೆ ಮುಂತಾದವುಗಳಿಗೆ ಬೇಕಾದ ಸಣ್ಣ ತಂತ್ರಾಂಶಗಳನ್ನು ಬರೆದುಕೊಡುವುದು ನನ್ನ ಕಸುಬು. ಇಂಥ ತಂತ್ರಾಂಶವನ್ನು ಒಮ್ಮೆ ಕೂರಿಸಿದ ಮೇಲೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಮುಟ್ಟಬೇಕಾಗಿ ಬಂದರೆ ಅದು ಬರುವುದು ರೋಬಸ್ಟಾ ಕೊಯ್ಲಿನ ನಡುವೆ, ತೋಟದ ರೈಟರಿಗೆ (ಗುಮಾಸ್ತರಿಗೆ) ಉಸಿರಾಡಲೂ ಬಿಡುವಿಲ್ಲದ ಹೊತ್ತಿನಲ್ಲಿ. ಹೊಸ ಹೊಸ ಸೌಲಭ್ಯಗಳನ್ನು ಸೇರಿಸುತ್ತ ಹೋಗುವ ಭಾಷೆಗಿಂತ ಹಳೆಯ ಬರವಣಿಗೆಯನ್ನು (ಬರೆದಿಟ್ಟ ಕೋಡನ್ನು) ಕೆಡಿಸದ ಭಾಷೆ ಇಲ್ಲಿ ಹೆಚ್ಚು ಬೆಲೆಬಾಳುತ್ತದೆ.

ಗೋ ಭಾಷೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2007ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯೊಳಗೆ ರಾಬರ್ಟ್ ಗ್ರೀಸ್‌ಮರ್, ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್ ಇದರ ರೂಪುರೇಷೆ ಆರಂಭಿಸಿದರು. 2009ರ ನವೆಂಬರಿನಲ್ಲಿ ಅದು ಸಾರ್ವಜನಿಕವಾಯಿತು. 2012ರ ಮಾರ್ಚಿನಲ್ಲಿ 1.0 ಆವೃತ್ತಿ ಹೊರಬಂತು. ಥಾಂಪ್ಸನ್ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರಲ್ಲಿ ಒಬ್ಬರು, ಸಿ ಭಾಷೆಗೆ ಮೊದಲಿದ್ದ ಬಿ ಭಾಷೆಯನ್ನು ಬರೆದವರು. ಸಿ++ ಬರವಣಿಗೆ ಕಂಪೈಲ್ ಆಗಲು (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಾಗಲು) ಹಿಡಿಯುತ್ತಿದ್ದ ದೀರ್ಘ ಸಮಯ ಮತ್ತು ಆ ಭಾಷೆಗೆ ಸೇರುತ್ತಿದ್ದ ಹೊಸ ಹೊಸ ಅಂಗಗಳ ಬಗೆಗಿನ ಬೇಸರವೇ ಗೋ ಹುಟ್ಟಿಗೆ ಒಂದು ಕಾರಣ. ಹಾಗಾಗಿ ಇದರಲ್ಲಿ ಕೀಲಿಪದಗಳು 25 ಮಾತ್ರ. ಕ್ಲಾಸುಗಳಿಲ್ಲ, ಇನ್‌ಹೆರಿಟೆನ್ಸ್ ಇಲ್ಲ, ತಪ್ಪಾದಾಗ ಬೇರೆಡೆಗೆ ಜಿಗಿಯುವ ಎಕ್ಸೆಪ್ಷನ್ ಇಲ್ಲ. ಬರವಣಿಗೆಯ ಅಂದವನ್ನು ಕೂಡ ಗೋಫ್ಮ್‌ಟ್ ಎಂಬ ಉಪಕರಣವೇ ತೀರ್ಮಾನಿಸುವುದರಿಂದ ಆವರಣ ಚಿಹ್ನೆಯನ್ನು ಯಾವ ಸಾಲಿನಲ್ಲಿ ಇಡಬೇಕೆಂಬ ಜಗಳಕ್ಕೆ ಅವಕಾಶವಿಲ್ಲ.

ಬಳಕೆಗೆ ಬರೋಣ. ಗೋ ಕಂಪೈಲರ್ ನಿಮ್ಮ ಬರವಣಿಗೆಯನ್ನೆಲ್ಲ ಸೇರಿಸಿ ಒಂದೇ ಕಡತವನ್ನು ತಯಾರಿಸುತ್ತದೆ. ಎದುರಿನ ಯಂತ್ರದಲ್ಲಿ ಜಾವಾ ಇದೆಯೇ, ಪೈಥಾನ್ ಯಾವ ಆವೃತ್ತಿಯದು, ಬೇಕಾದ ಲೈಬ್ರರಿಗಳು (ಸಿದ್ಧ ಬರವಣಿಗೆಯ ಸಂಗ್ರಹಗಳು) ಇವೆಯೇ ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕುಳಿತು ಎರಡು ಪರಿಸರ ಚರಗಳನ್ನು (ಯಾವ ಯಂತ್ರಕ್ಕೆಂದು ಹೇಳುವ ಸೆಟ್ಟಿಂಗುಗಳನ್ನು) ಬದಲಿಸಿದರೆ ಸಾಕು, ವಿಂಡೋಸ್ ಯಂತ್ರಕ್ಕೂ ಎಆರ್‌ಎಂ ಚಿಪ್ಪಿನ ಪುಟ್ಟ ಬೋರ್ಡಿಗೂ ಬೇಕಾದ ಕಡತ ಸಿದ್ಧವಾಗುತ್ತದೆ. ಆ ಕಡತವನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ತೋಟದ ಕಚೇರಿಗೆ ಹೋದರೆ ಇಂಟರ್ನೆಟ್ಟಿನ ಹಂಗಿಲ್ಲದೆ ಕೆಲಸ ಮುಗಿಯುತ್ತದೆ. ಜೂನ್ ತಿಂಗಳಿನಿಂದ ಆಗಸ್ಟ್ ಕೊನೆಯವರೆಗೆ ಕರೆಂಟು, ನೆಟ್‌ವರ್ಕು ಎರಡೂ ಮಳೆಯ ಮರ್ಜಿಯಲ್ಲಿರುವ ಜಿಲ್ಲೆಯಲ್ಲಿ ಈ ಒಂದು ಗುಣಕ್ಕೇ ನಾನು ಅರ್ಧ ಅಂಕ ಕೊಟ್ಟುಬಿಡುತ್ತೇನೆ. ಅತಿ ಸಣ್ಣ ಪ್ರೋಗ್ರಾಮಿಗೂ ಸುಮಾರು 2 ಎಂಬಿ ಗಾತ್ರ ಬರುತ್ತದೆ ಎಂದು ಸಿ ಪ್ರಿಯರು ಮೂಗು ಮುರಿಯುವುದುಂಟು. ಅದು ನಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲದ ವಿಷಯ.

ಆದರೆ ಇಲ್ಲಿಯೇ ಎರಡು ಎಚ್ಚರಿಕೆಗಳನ್ನು ಹೇಳಬೇಕು. 2023ರಲ್ಲಿ ಬಂದ 1.20 ಆವೃತ್ತಿಯೇ ವಿಂಡೋಸ್ 7 ಮತ್ತು 8ರ ಮೇಲೆ ಓಡುವ ಕೊನೆಯ ಆವೃತ್ತಿ, 1.21ರಿಂದ ಮುಂದಕ್ಕೆ ವಿಂಡೋಸ್ 10 ಬೇಕೇ ಬೇಕು. ಹಳೆಯ ಬರವಣಿಗೆ ಕೆಡುವುದಿಲ್ಲ ಎಂಬ ಭಾಷೆಯ ಭರವಸೆ ಬರವಣಿಗೆಗೆ ಸಂಬಂಧಿಸಿದ್ದೇ ಹೊರತು ಅದು ಓಡುವ ಯಂತ್ರಕ್ಕೆ ಸಂಬಂಧಿಸಿದ್ದಲ್ಲ ಎಂಬುದನ್ನು ಹಳೆಯ ಕಂಪ್ಯೂಟರುಗಳನ್ನು ಇನ್ನೂ ಜತನದಿಂದ ಬಳಸುತ್ತಿರುವ ಕಚೇರಿಗಳವರು ನೆನಪಿಡಬೇಕು. ಎರಡನೆಯದಾಗಿ, 1.21ರಿಂದ ಗೋ ಉಪಕರಣವು ಪ್ರಾಜೆಕ್ಟಿನ ಕಡತದಲ್ಲಿ ನಮೂದಾದ ಆವೃತ್ತಿ ತನಗಿಂತ ಹೊಸದಾಗಿದ್ದರೆ ಆ ಹೊಸ ಕಂಪೈಲರನ್ನು ತಾನೇ ಇಳಿಸಿಕೊಳ್ಳಲು ಹೊರಡುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಇದು ಅನುಕೂಲ, ಒಂದೆರಡು ಗೆರೆ ಸಿಗ್ನಲ್ಲಿನಲ್ಲಿ ಇದು ಉಪದ್ರವ. ಟೂಲ್‌ಚೈನ್ (ಯಾವ ಕಂಪೈಲರನ್ನು ಬಳಸಬೇಕೆಂಬ) ಆಯ್ಕೆಯನ್ನು ಲೋಕಲ್ ಎಂದು ಬದಲಿಸಿ, ಬೇಕಾದ ಲೈಬ್ರರಿಗಳನ್ನೆಲ್ಲ ಪ್ರಾಜೆಕ್ಟಿನ ವೆಂಡರ್ ಫೋಲ್ಡರಿನೊಳಗೆ ಮೊದಲೇ ತುಂಬಿಟ್ಟುಕೊಳ್ಳುವುದು ಕ್ಷೇಮ.

ಈಗ ಮುಖ್ಯ ವಿಷಯ. 1.0 ಬಿಡುಗಡೆಯಾದಾಗಲೇ ಗೋ ತಂಡ ಒಂದು ಲಿಖಿತ ಭರವಸೆ ಕೊಟ್ಟಿತು: ಇಂದು ಕಂಪೈಲ್ ಆಗುವ ಪ್ರೋಗ್ರಾಮು 1ನೆಯ ಸರಣಿಯ ಮುಂದಿನ ಆವೃತ್ತಿಗಳಲ್ಲೂ ಕಂಪೈಲ್ ಆಗಿ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಭದ್ರತೆಯ ದೋಷ ಮುಂತಾದ ಕೆಲವೇ ವಿನಾಯಿತಿಗಳಿವೆ. 2023ರಲ್ಲಿ, ಆಗ ತಂಡದ ಮುಂದಾಳಾಗಿದ್ದ ರಸ್ ಕಾಕ್ಸ್, ಹಳೆಯ ಪ್ರೋಗ್ರಾಮುಗಳನ್ನು ಮುರಿಯುವ ಗೋ 2 ಎಂಬುದು ಎಂದಿಗೂ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಇಂಥ ಮಾತು ಕೊಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಉಳಿಸಿಕೊಳ್ಳಲು ಅವರು ಹೂಡಿರುವ ಉಪಾಯಗಳೇ ನನಗೆ ಈ ಭಾಷೆಯ ಅತ್ಯಂತ ಕುತೂಹಲದ ಭಾಗ.

ಒಂದು ಉದಾಹರಣೆ ಮ್ಯಾಪ್, ಅಂದರೆ ಹೆಸರಿನ ಜೊತೆ ಅದರ ಮೌಲ್ಯವನ್ನು ಜೋಡಿಸಿಡುವ ಪಟ್ಟಿ. ಕೆಲಸಗಾರರ ಹೆಸರು ಮತ್ತು ಅವರವರ ಕೊಯ್ಲಿನ ತೂಕವನ್ನು ಮ್ಯಾಪಿನಲ್ಲಿಟ್ಟು ಪಟ್ಟಿ ಮುದ್ರಿಸಿದರೆ ಹೆಸರುಗಳ ಅನುಕ್ರಮ ಒಂದು ಸಲಕ್ಕಿದ್ದಂತೆ ಮತ್ತೊಂದು ಸಲಕ್ಕೆ ಇರುವುದಿಲ್ಲ. ಹೊಸಬರು ಇದನ್ನು ದೋಷವೆಂದು ತಿಳಿಯುತ್ತಾರೆ, ಆದರೆ ಇದು ಬೇಕೆಂದೇ ಮಾಡಿದ್ದು. ಅನುಕ್ರಮದ ಬಗ್ಗೆ ಭಾಷೆ ಏನನ್ನೂ ಹೇಳಿಲ್ಲ. ಹಾಗಿದ್ದೂ ಅದು ಪ್ರತಿ ಸಲ ಒಂದೇ ರೀತಿ ಬರುತ್ತಿದ್ದರೆ ಜನ ಅದನ್ನೇ ನಂಬಿ ಬರೆಯುತ್ತಾರೆ, ನಂಬಿದ ಮೇಲೆ ಒಳಗಿನ ರಚನೆಯನ್ನು ಸುಧಾರಿಸಲು ಹೊರಟವರ ಕೈ ಕಟ್ಟಿದಂತಾಗುತ್ತದೆ. ಅದಕ್ಕಾಗಿ ಅನುಕ್ರಮವನ್ನು ಮೊದಲೇ ಕಲಸಿಟ್ಟಿದ್ದಾರೆ. ಪೈಥಾನಿನಲ್ಲಿ ನಡೆದದ್ದು ಇದರ ತದ್ವಿರುದ್ಧ: 3.6 ಆವೃತ್ತಿಯಲ್ಲಿ ಡಿಕ್ಷನರಿಯ (ಅಲ್ಲಿ ಮ್ಯಾಪಿಗೆ ಇರುವ ಹೆಸರು) ಒಳರಚನೆ ಬದಲಾದಾಗ, ಸೇರಿಸಿದ ಅನುಕ್ರಮವೇ ಉಳಿಯುವುದು ಅದರ ಉಪಫಲವಾಗಿ ಬಂತು; ಜನರಿಗೆ ಅದು ಹಿಡಿಸಿತು; 2018ರ 3.7ರಲ್ಲಿ ಅದೇ ನಿಯಮವಾಯಿತು. ಬಳಸುವವರಿಗೆ ಪೈಥಾನಿನ ದಾರಿ ಹಿತ, ಭಾಷೆಯನ್ನು ಕಾಪಾಡುವವರಿಗೆ ಗೋ ದಾರಿ ಹಿತ. ಬಟವಾಡೆ ಪಟ್ಟಿಯನ್ನು ಹೇಗೂ ಚೆಕ್‌ರೋಲ್ ನಂಬರಿನ ಪ್ರಕಾರ ವಿಂಗಡಿಸಲೇಬೇಕಾದ ನನ್ನಂಥವನಿಗೆ ಗೋ ಕ್ರಮದಿಂದ ನಷ್ಟವೇನೂ ಇಲ್ಲ.

ಇನ್ನೊಂದು ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಗೋ ಭಾಷೆಯ ಫಾರ್ ಲೂಪಿನಲ್ಲಿ ಮೊದಲಿನಿಂದಲೂ ಒಂದು ಬಲೆ ಇತ್ತು: ಲೂಪಿನ ಚರ ಎಲ್ಲ ಸುತ್ತುಗಳಿಗೂ ಒಂದೇ ಆಗಿದ್ದುದರಿಂದ, ಪ್ರತಿ ಸುತ್ತಿನಲ್ಲೂ ಒಂದು ಗೋರೂಟೀನ್ (ಏಕಕಾಲಕ್ಕೆ ಓಡುವ ಸಣ್ಣ ಕೆಲಸ) ಎಬ್ಬಿಸಿ ಆ ಚರವನ್ನು ಅದರೊಳಗೆ ಬಳಸಿದರೆ ಅವೆಲ್ಲವೂ ಹಲವು ಸಲ ಕೊನೆಯ ಮೌಲ್ಯವನ್ನೇ ನೋಡುತ್ತಿದ್ದವು. ತೋಟದ ಹತ್ತು ಬ್ಲಾಕುಗಳ ತೂಕವನ್ನು ಏಕಕಾಲಕ್ಕೆ ಕೂಡಲು ಹೋದರೆ ಹತ್ತನೆಯ ಬ್ಲಾಕೇ ಹತ್ತು ಸಲ ಬರಬಹುದಾದ ಸ್ಥಿತಿ. ಇದನ್ನು ಸರಿಪಡಿಸುವುದೆಂದರೆ ಲೂಪಿನ ಅರ್ಥವನ್ನೇ ಬದಲಿಸುವುದು, ಅಂದರೆ ಭರವಸೆಯನ್ನು ಮುರಿಯುವುದು. 2024ರ ಫೆಬ್ರವರಿಯಲ್ಲಿ ಬಂದ 1.22ರಲ್ಲಿ ಅವರು ಎರಡನ್ನೂ ಸಾಧಿಸಿದರು: ಪ್ರಾಜೆಕ್ಟಿನ ಗೋ ಡಾಟ್ ಮಾಡ್ ಕಡತದಲ್ಲಿ 1.22 ಅಥವಾ ಅದಕ್ಕಿಂತ ಹೊಸ ಆವೃತ್ತಿ ಎಂದು ಬರೆದಿದ್ದರೆ ಪ್ರತಿ ಸುತ್ತಿಗೂ ಹೊಸ ಚರ. ಹಳೆಯ ಸಂಖ್ಯೆ ಇದ್ದರೆ ಅದೇ ಹೊಸ ಕಂಪೈಲರು ಹಳೆಯ ಅರ್ಥವನ್ನೇ ಪಾಲಿಸುತ್ತದೆ. ಮಳೆಗಾಲಕ್ಕೆ ಮುಂಚೆ ನೆರಳಿನ ಮರ ಹಗುರ ಮಾಡುವ ಅನುಭವಿ, ಕೆಳಗಿನ ಕಾಫಿ ಗಿಡದ ಮೇಲೆ ಬೀಳದಂತೆ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುವಂಥ ಕೆಲಸ ಇದು. ರಸ್ಟ್ ಭಾಷೆಯವರು 2015, 2018, 2021, 2024 ಎಂದು ಎಡಿಷನ್ನುಗಳನ್ನು ಮಾಡಿಕೊಂಡು ಇದೇ ತತ್ವವನ್ನು ಇನ್ನೂ ವ್ಯವಸ್ಥಿತವಾಗಿ ನಡೆಸುತ್ತಿದ್ದಾರೆಂಬುದನ್ನೂ ಹೇಳಬೇಕು.

ಇದರ ಬೆಲೆ ತಿಳಿಯಬೇಕಾದರೆ ಪೈಥಾನ್ 2ರಿಂದ 3ಕ್ಕೆ ನಡೆದ ಪ್ರಯಾಣವನ್ನು ನೋಡಬೇಕು. 3.0 ಬಂದದ್ದು 2008ರ ಡಿಸೆಂಬರಿನಲ್ಲಿ. 2ನೆಯ ಸರಣಿಗೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷ ಜಗತ್ತಿನ ಪೈಥಾನ್ ಬಳಕೆದಾರರು ಎರಡು ದೋಣಿಗಳಲ್ಲಿ ಕಾಲಿಟ್ಟು ನಿಂತಿದ್ದರು. ಪ್ರಿಂಟ್ ಎಂಬುದಕ್ಕೆ ಆವರಣ ಹಾಕಬೇಕೆಂಬ ಬದಲಾವಣೆ ಸಿಟ್ಟು ತರಿಸಿದರೂ ನಿರುಪದ್ರವಿ, ಏಕೆಂದರೆ ಹಳೆಯ ಸಾಲು ಎದುರಿಗೇ ನಿಂತುಬಿಡುತ್ತದೆ. ಭಾಗಾಕಾರದ ಬದಲಾವಣೆ ಹಾಗಲ್ಲ: 7ನ್ನು 2ರಿಂದ ಭಾಗಿಸಿದರೆ ಮೊದಲು 3 ಬರುತ್ತಿತ್ತು, ಆಮೇಲೆ 3.5 ಬರತೊಡಗಿತು, ಯಾವ ದೂರೂ ಇಲ್ಲ, ಲೆಕ್ಕ ಮಾತ್ರ ಬೇರೆ. ಮೂರನೆಯ ಆವೃತ್ತಿ ಮಾಡಿದ ಬಹುತೇಕ ತಿದ್ದುಪಡಿಗಳು, ಅದರಲ್ಲೂ ಪಠ್ಯವನ್ನೆಲ್ಲ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಮಾನಕ) ಮಾಡಿದ್ದು, ಸರಿಯಾದವೇ ಎಂದು ನನ್ನ ಅಭಿಪ್ರಾಯ. ಆದರೆ ಖರ್ಚನ್ನು ತೆತ್ತವರು ಭಾಷೆಯನ್ನು ಮಾಡಿದವರಲ್ಲ. ಮತ್ತೊಂದು ತುದಿಯಲ್ಲಿ ಜಾವಾಸ್ಕ್ರಿಪ್ಟ್ ಇದೆ: 1995ರ ಮೇ ತಿಂಗಳಿನಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಕಟ್ಟಿದ ಆ ಭಾಷೆ ಏನೂ ಇಲ್ಲ ಎಂದು ಸೂಚಿಸುವ ನಲ್ ಎಂಬ ಮೌಲ್ಯದ ಬಗೆ (ಟೈಪ್) ಯಾವುದೆಂದು ಕೇಳಿದರೆ ಇಂದಿಗೂ ಆಬ್ಜೆಕ್ಟ್ ಎಂದು ತಪ್ಪು ಉತ್ತರ ಕೊಡುತ್ತದೆ, ಏಕೆಂದರೆ ಅದನ್ನು ತಿದ್ದಿದರೆ ಎಷ್ಟು ಜಾಲತಾಣಗಳು ಕುಸಿಯುತ್ತವೆಂದು ಹೇಳಲು ಯಾರಿಂದಲೂ ಆಗದು.

ಒಂದೇ ಬರವಣಿಗೆಯನ್ನು ಹಲವು ಬಗೆಯ ಮಾಹಿತಿಗೆ ಬಳಸಲು ಬಿಡುವ ಜೆನೆರಿಕ್ಸ್ ವಿಷಯದಲ್ಲಿ ಗೋ ತಡಮಾಡಿತು. ಜಾವಾ 2004ರಲ್ಲೇ ಪಡೆದುಕೊಂಡದ್ದು ಗೋಗೆ ಬಂದದ್ದು 2022ರ ಮಾರ್ಚಿನ 1.18ರಲ್ಲಿ. ನನ್ನ ಕೆಲಸದಲ್ಲಿ ಅದರ ಅಗತ್ಯ ಬಂದದ್ದು ಕಡಿಮೆ. ಲೈಬ್ರರಿ ಬರೆಯುವವರಿಗೆ ಅದು ದೊಡ್ಡ ವರ.

ತಪ್ಪುಗಳನ್ನು ನಿಭಾಯಿಸುವ ಕ್ರಮದ ಬಗ್ಗೆ ಮಾತ್ರ ಎಲ್ಲರಿಗೂ ಒಂದು ಅಭಿಪ್ರಾಯವಿದೆ. ಗೋದಲ್ಲಿ ತಪ್ಪಾಗಬಹುದಾದ ಪ್ರತಿ ಕರೆಯ ಕೆಳಗೂ ಎರ್ರ್ (ತಪ್ಪು) ನಿಲ್ (ಏನೂ ಇಲ್ಲ) ಅಲ್ಲದಿದ್ದರೆ ಹೀಗೆ ಮಾಡು ಎಂಬ ಮೂರು ಸಾಲು ಬರೆಯಬೇಕು, ಹೀಗಾಗಿ ಪುಟದ ಮೂರನೆಯ ಒಂದು ಭಾಗ ಇದೇ ಮಂತ್ರವಾಗುತ್ತದೆ. ಇದನ್ನು ಚಿಕ್ಕದಾಗಿಸಲು 2019ರಲ್ಲಿ ಟ್ರೈ ಎಂಬ ಪ್ರಸ್ತಾವ ಬಂತು, ವಿರೋಧದಿಂದ ಬಿದ್ದುಹೋಯಿತು; 2025ರ ಜೂನಿನಲ್ಲಿ ತಂಡವು ಇದಕ್ಕಾಗಿ ವ್ಯಾಕರಣ ಬದಲಿಸುವ ಪ್ರಯತ್ನವನ್ನೇ ಸದ್ಯಕ್ಕೆ ಕೈಬಿಡುತ್ತೇವೆಂದು ಪ್ರಕಟಿಸಿತು. ಬಹುಮತಕ್ಕೆ ವಿರುದ್ಧವಾಗಿ ನಾನು ಈ ತೀರ್ಮಾನವನ್ನು ಮೆಚ್ಚುತ್ತೇನೆ. ಕಣದ ಪಕ್ಕದ ತೂಕದ ಯಂತ್ರದಿಂದ ಕೇಬಲ್ ಮೂಲಕ ಅಂಕಿ ಬರಬೇಕು. ಕೇಬಲ್ ಸಡಿಲವಾಗಬಹುದು, ಅರ್ಧ ಅಂಕಿ ಬರಬಹುದು, ಬಂದ ಅಂಕಿಯನ್ನು ಬರೆಯುವಷ್ಟರಲ್ಲಿ ಕರೆಂಟು ಹೋಗಬಹುದು. ಈ ಮೂರು ಸಂದರ್ಭಗಳಲ್ಲಿ ಮಾಡಬೇಕಾದ ಕೆಲಸ ಮೂರು ಬಗೆಯದು, ಮತ್ತು ಅವು ಬರವಣಿಗೆಯಲ್ಲಿ ಮೂರು ಕಡೆ ಕಣ್ಣಿಗೆ ಕಾಣುವಂತಿರುವುದೇ ನನಗೆ ಬೇಕು. ಎಕ್ಸೆಪ್ಷನ್ ಎಂಬ ಅದೃಶ್ಯ ಹಾದಿಯಲ್ಲಿ ಅವು ಎಲ್ಲಿಗೋ ಜಿಗಿದುಹೋಗುವ ಭಾಷೆಗಳಲ್ಲಿ ಎರಡು ವರ್ಷದ ನಂತರ ಓದುವಾಗ ಯಾವ ಸಾಲು ಯಾವಾಗ ಬೀಳುತ್ತದೆಂದು ತಿಳಿಯುವುದೇ ಕಷ್ಟ.

ನಿಲ್ ಎಂಬುದನ್ನು ಮಾತ್ರ ಕ್ಷಮಿಸಲಾರೆ. ಏನನ್ನೂ ಸೂಚಿಸದ ಉಲ್ಲೇಖವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಸೇರಿಸಿದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರು, ಅದು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು 2009ರಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಬೆಳಕು ಕಂಡ ಗೋ ಅದೇ ತಪ್ಪನ್ನು ಹೊತ್ತುಕೊಂಡು ಬಂತು. ಗೋರೂಟೀನ್ ಮತ್ತು ಅವುಗಳ ನಡುವೆ ಮಾಹಿತಿ ಸಾಗಿಸುವ ಚಾನೆಲ್‌ಗಳ ಕಲ್ಪನೆಯನ್ನು ಅದೇ ಹೋರ್ ಅವರ 1978ರ ಸಿದ್ಧಾಂತದಿಂದ ಗೌರವಪೂರ್ವಕವಾಗಿ ಪಡೆದುಕೊಂಡವರು ಅವರ ಪಶ್ಚಾತ್ತಾಪವನ್ನೂ ಗಮನಿಸಿದ್ದರೆ ಚೆನ್ನಾಗಿತ್ತು. ರಸ್ಟ್, ಸ್ವಿಫ್ಟ್, ಕಾಟ್ಲಿನ್ ಮೂರೂ ಇಲ್ಲದಿರುವಿಕೆಯನ್ನು ಬಗೆಯಲ್ಲೇ ನಮೂದಿಸುವಂತೆ ಮಾಡಿವೆ. ಹಳೆಯ ಭರವಸೆಯಿಂದಾಗಿ ಗೋ ಈಗ ಅದನ್ನು ಮಾಡಲಾರದು. ಸ್ಥಿರತೆಯಿಂದ ಒಳ್ಳೆಯದರ ಜೊತೆ ಕೆಟ್ಟದ್ದೂ ಕಾಯಂ ಆಗುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಕೊಡಗಿನ ಬೆಳೆಗಾರರು ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. ಗೋದಲ್ಲಿ ಇವೆರಡಕ್ಕೂ ಒಂದೊಂದು ಪ್ರತ್ಯೇಕ ಬಗೆಯನ್ನು ಒಂದೇ ಸಾಲಿನಲ್ಲಿ ಘೋಷಿಸಬಹುದು, ಆಮೇಲೆ ಒಂದನ್ನು ಇನ್ನೊಂದಕ್ಕೆ ಕೂಡಿಸಿದರೆ ಕಂಪೈಲರು ಅಲ್ಲೇ ತಡೆಯುತ್ತದೆ. ಇಷ್ಟು ಅಗ್ಗವಾಗಿ ಇಷ್ಟು ರಕ್ಷಣೆ ಸಿಗುವುದು ಸಂತೋಷವೇ. ಆದರೆ ಆ ಬಗೆಗೆ ಸೆಂಟು ಎಂದು ಕನ್ನಡ ಲಿಪಿಯಲ್ಲಿ ಹೆಸರಿಡಲು ಹೋಗಿ ನೋಡಿ: ಕಂಪೈಲರು ನಿರಾಕರಿಸುತ್ತದೆ. ಗೋ ನಿಯಮದ ಪ್ರಕಾರ ಹೆಸರಿನಲ್ಲಿ ಯೂನಿಕೋಡ್ ಅಕ್ಷರಗಳು, ಅಂಕಿಗಳು ಮತ್ತು ಅಡಿಗೆರೆ ಇರಬಹುದು. ಕನ್ನಡದ ಸ್ವರಚಿಹ್ನೆಗಳು, ಅನುಸ್ವಾರ, ಹಲಂತ ಇವು ಯೂನಿಕೋಡಿನಲ್ಲಿ ಅಕ್ಷರಗಳಲ್ಲ, ಜೋಡುಚಿಹ್ನೆಗಳು. ಪರಿಣಾಮವಾಗಿ ಸರಳ, ಅಗಲ ಎಂಬ ಹೆಸರುಗಳು ಸ್ವೀಕಾರಾರ್ಹ, ಮಳೆ, ತೂಕ, ಕೂಲಿ ಎಂಬವು ಅಲ್ಲ. ಗುಣಿತಾಕ್ಷರವಿಲ್ಲದ ಕನ್ನಡದಲ್ಲಿ ಎಷ್ಟು ಮಾತಾಡಬಹುದೆಂದು ಓದುಗರೇ ಊಹಿಸಿಕೊಳ್ಳಲಿ. ಅದೃಷ್ಟಕ್ಕೆ ಸರಿಹೊಂದಿದ ಹೆಸರನ್ನು ಕೂಡ ಬೇರೆ ಪ್ಯಾಕೇಜಿನಿಂದ ಬಳಸಲಾಗದು, ಏಕೆಂದರೆ ಹೊರಗೆ ಕಾಣಬೇಕಾದ ಹೆಸರು ದೊಡ್ಡಕ್ಷರದಿಂದ ಆರಂಭವಾಗಬೇಕು, ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಪೈಥಾನ್ 3, ಜಾವಾ, ಜಾವಾಸ್ಕ್ರಿಪ್ಟ್ ಮತ್ತು 2021ರ 1.53ರಿಂದ ರಸ್ಟ್ ಕೂಡ ಮಳೆ ಎಂಬ ಹೆಸರನ್ನು ತಕರಾರಿಲ್ಲದೆ ಒಪ್ಪುತ್ತವೆ. ಗೋ ತಂಡಕ್ಕೆ ಈ ಕೊರತೆ ತಿಳಿಯದ್ದೇನಲ್ಲ, ತಿದ್ದುವ ಕೋರಿಕೆ ಹಲವು ವರ್ಷಗಳಿಂದ ಅವರ ಕಡತದಲ್ಲಿದೆ. ಇದನ್ನು ತಿದ್ದಿದರೆ ಹಳೆಯ ಯಾವ ಪ್ರೋಗ್ರಾಮೂ ಮುರಿಯುವುದಿಲ್ಲ. ಹಾಗಾಗಿ ಇಲ್ಲಿ ಸ್ಥಿರತೆಯ ನೆಪವೂ ಸಲ್ಲದು.

ಪಠ್ಯವನ್ನು ಎಣಿಸುವ ವಿಷಯದಲ್ಲೂ ಎಚ್ಚರ ಬೇಕು. ಕೊಡಗು ಎಂಬ ಪದದ ಉದ್ದ ಎಷ್ಟೆಂದು ಗೋವನ್ನು ಕೇಳಿದರೆ 15 ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು. ಯೂನಿಕೋಡನ್ನು ಬೈಟುಗಳಾಗಿ ಬರೆದಿಡುವ ಯೂಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ರೂನ್‌ಗಳನ್ನು, ಅಂದರೆ ಯೂನಿಕೋಡ್ ಸಂಕೇತಗಳನ್ನು, ಎಣಿಸು ಎಂದರೆ 5. ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಮುದ್ರಣದಲ್ಲಿ ಕಾಲಂ ಅಗಲವನ್ನು ಗೋ ರೂನ್‌ಗಳಲ್ಲಿ ಲೆಕ್ಕ ಹಾಕುವುದರಿಂದ ಕನ್ನಡ ಹೆಸರುಗಳಿರುವ ಬಟವಾಡೆ ಪಟ್ಟಿಯ ರೂಪಾಯಿ ಕಾಲಂ ಅಂಕುಡೊಂಕಾಗುತ್ತದೆ. ಇದಕ್ಕಿಂತ ಅಪಾಯದ ಸಂಗತಿಯೆಂದರೆ, ಕೊ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಗೋದ ಸಮಚಿಹ್ನೆಗೆ ಅವು ಬೇರೆ ಬೇರೆ. ಒಬ್ಬರೇ ಕೆಲಸಗಾರರು ಪಟ್ಟಿಯಲ್ಲಿ ಇಬ್ಬರಾಗಲು ಇಷ್ಟು ಸಾಕು. ಇಂಥ ರೂಪಗಳನ್ನು ಒಂದಾಗಿಸುವ ನಾರ್ಮಲೈಸೇಷನ್ ಮಾಡುವ ಪ್ಯಾಕೇಜನ್ನು ಗೋ ತಂಡವೇ ಒದಗಿಸಿದ್ದರೂ ಅದು ಮೂಲ ಲೈಬ್ರರಿಯ ಹೊರಗಿದೆ, ಹುಡುಕಿ ಸೇರಿಸಿಕೊಳ್ಳಬೇಕು. ಸ್ವಿಫ್ಟ್ ಭಾಷೆ ಇದೇ ಪದಕ್ಕೆ 3 ಎಂದೇ ಉತ್ತರಿಸುತ್ತದೆ, ಎರಡೂ ರೂಪಗಳನ್ನು ಸಮವೆಂದೇ ಪರಿಗಣಿಸುತ್ತದೆ. 1992ರಲ್ಲಿ ಯೂಟಿಎಫ್-8ನ್ನು ರೂಪಿಸಿದವರು ಇದೇ ಥಾಂಪ್ಸನ್ ಮತ್ತು ಪೈಕ್ ಎಂಬುದನ್ನು ನೆನೆದರೆ ಅವರ ಭಾಷೆಯಿಂದ ಇನ್ನಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಾಗದು.

ಹಣದ ಲೆಕ್ಕಕ್ಕೆ ದಶಮಾನದ ಬಗೆ ಮೂಲ ಲೈಬ್ರರಿಯಲ್ಲಿ ಇಲ್ಲ. ಪೈಸೆಯನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳುವುದೇ ದಾರಿ. 1959ರಲ್ಲಿ ರೂಪುಗೊಂಡ ಕೋಬಾಲ್ ಈ ವಿಷಯದಲ್ಲಿ ಗುಮಾಸ್ತರನ್ನು ಹೆಚ್ಚು ಅರ್ಥಮಾಡಿಕೊಂಡಿತ್ತು. ದಿನಾಂಕದ ನಮೂನೆಯಂತೂ ವಿಚಿತ್ರ: ನಮಗೆ ಬೇಕಾದ ದಿನ, ತಿಂಗಳು, ವರ್ಷದ ಕ್ರಮಕ್ಕೆ 02-01-2006 ಎಂಬ ಒಂದು ನಿರ್ದಿಷ್ಟ ತಾರೀಖನ್ನೇ ಮಾದರಿಯಾಗಿ ಬರೆದುಕೊಡಬೇಕು, ಮತ್ತು ಆ ತಾರೀಖು ಅಮೆರಿಕದ ಕ್ರಮದಲ್ಲಿ ಜನವರಿ 2 ಎಂಬುದನ್ನು ಬಾಯಿಪಾಠ ಮಾಡಿರಬೇಕು.

ಯಾರಿಗೆ ಇದು ಸೂಕ್ತ? ಬೆಳೆಯ ಅಂಕಿಅಂಶಗಳನ್ನು ಕೆದಕಿ ನೋಡುವವರು, ನಕ್ಷೆ ಬಿಡಿಸುವವರು ಪೈಥಾನಿನಲ್ಲೇ ಇರಲಿ. ಬ್ಯಾಟರಿಯಲ್ಲಿ ಓಡುವ ಮಳೆಮಾಪಕದ ಚಿಪ್ಪಿಗೆ ಸಿ ಅಥವಾ ರಸ್ಟ್ ಸರಿ. ಒಬ್ಬರೇ ಬರೆದು, ಹಲವು ಕಚೇರಿಗಳಲ್ಲಿ ಕೂರಿಸಿ, ವರ್ಷಗಟ್ಟಲೆ ತಾವೇ ನೋಡಿಕೊಳ್ಳಬೇಕಾದ ತಂತ್ರಾಂಶಕ್ಕೆ ಗೋವನ್ನು ಮೀರಿಸುವುದು ನನಗೆ ಕಾಣದು. ಐದಕ್ಕೆ ನಾಲ್ಕು ಅಂಕ. ಕಳೆದ ಒಂದರಲ್ಲಿ ಅರ್ಧ ನಿಲ್‌ಗೆ, ಅರ್ಧ ಸ್ವರಚಿಹ್ನೆಗಳಿಗೆ. ಬಿಎಸ್‌ಡಿ ಮಾದರಿಯ ಪರವಾನಗಿ ಇರುವುದರಿಂದ ಹಣ ಕೊಡಬೇಕಾದ್ದಿಲ್ಲ. ವರ್ಷಕ್ಕೆ ಎರಡು ಆವೃತ್ತಿಗಳು, ಫೆಬ್ರವರಿಗೊಂದು ಆಗಸ್ಟಿಗೊಂದು ಬರುತ್ತವೆ, ಪ್ರತಿಯೊಂದಕ್ಕೂ ಅದರ ನಂತರದ ಎರಡು ಆವೃತ್ತಿಗಳು ಹೊರಬರುವವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಫೆಬ್ರವರಿಯದು ಕೊಯ್ಲಿನ ನಡುವೆ ಬರುವುದರಿಂದ ಅದನ್ನು ಬಿಟ್ಟುಬಿಡಿ; ತೋಟದಲ್ಲಿ ಕೆಲಸ ಕಡಿಮೆಯಿರುವ ಆಗಸ್ಟಿನ ಮಳೆಯಲ್ಲಿ ಬರುವುದನ್ನು ಮಾತ್ರ ಹಾಕಿಕೊಂಡರೂ ಮುಂದಿನ ಆಗಸ್ಟಿನವರೆಗೆ ಬೆಂಬಲ ತಪ್ಪುವುದಿಲ್ಲ.